ಕಡಲ ಮೇಲಣ ಎಣ್ಣೆಯೂ ದಡದ ಮೇಲಣ ಬಾಲ್ದಿಯೂ

2017ನೆಯ ಇಸವಿ ಜನವರಿ 28ರ ಬೆಳಗಿನ ಜಾವದಲ್ಲಿ ಚೆನ್ನೈಯ ಉತ್ತರಕ್ಕಿರುವ ಎಣ್ಣೂರು ಬಂದರದ ಹೊರಗಡಲಿನಲ್ಲಿ ಎರಡು ಹಡಗುಗಳು ಒಂದನ್ನೊಂದು ತಾಗಿದುವು. ಒಂದು, ಬಂದರವನ್ನು ಬಿಟ್ಟು ಹೊರಟಿದ್ದ ಅನಿಲವಾಹಕ ‘ಬಿ. ಡಬ್ಲ್ಯು. ಮೇಪಲ್’; ಇನ್ನೊಂದು, ಎಣ್ಣೆಯನ್ನು ಹೊತ್ತು ಒಳಬರುತ್ತಿದ್ದ ‘ಡಾನ್ ಕಾಂಚೀಪುರಂ’. ಮೊದಲು ಹೊರಬಿದ್ದ ಪ್ರಕಟನೆಯಲ್ಲಿ ಸಮುದ್ರಕ್ಕೆ ಯಾವ ಬಾಧೆಯೂ ತಟ್ಟಿಲ್ಲವೆಂದು ಹೇಳಲಾಗಿತ್ತು. ಆ ಪ್ರಕಟನೆಯ ಶಾಯಿ ಆರುವುದರೊಳಗೆ ದಡಕ್ಕೆ ಕಪ್ಪು ಕೆಸರು ಬಂದು ಬಿದ್ದಿತು. ಆಮೇಲೆ ನಡೆದುದು ಲೋಕಕ್ಕೆಲ್ಲ ಗೊತ್ತಿರುವ ಕಥೆ. ಕಾಲೇಜಿನ ಹುಡುಗರು, ಬೆಸ್ತರು, ತಟರಕ್ಷಕ ದಳದವರು ಬಂಡೆಗಳ ನಡುವೆ ಸಾಲುಗಟ್ಟಿ ನಿಂತು ಬಾಲ್ದಿಗಳಲ್ಲಿ ಆ ಕೆಸರನ್ನು ತೋಡಿದರು. ಅನೇಕರ ಕೈಗೆ ಚೀಲವಿರಲಿಲ್ಲ, ಮೂಗಿಗೆ ಬಟ್ಟೆಯಿರಲಿಲ್ಲ. ವರ್ತಮಾನಪತ್ರಗಳು ಆ ಚಿತ್ರಗಳನ್ನು ಅಚ್ಚುಹಾಕಿ, ಜನರ ಸೇವಾಭಾವವನ್ನು ಕೊಂಡಾಡಿದುವು.

ಸೇವಾಭಾವ ಕೊಂಡಾಡತಕ್ಕದ್ದೇ ಸರಿ. ಆದರೆ ಬಾಲ್ದಿಯನ್ನು ಕೊಂಡಾಡುವವರು ಅದು ಅಲ್ಲಿಗೆ ಏಕೆ ಬಂತೆಂದು ಕೇಳಲಿಲ್ಲ. 2023ರ ಡಿಸೆಂಬರದಲ್ಲಿ ಮಿಚಾಂಗ್ ಚಂಡಮಾರುತದ ನೆರೆನೀರಿನೊಡನೆ ಮಣಲಿಯ ಕಾರ್ಖಾನೆಗಳ ಕಡೆಯಿಂದ ಎಣ್ಣೆ ಹರಿದು ಅದೇ ಎಣ್ಣೂರಿನ ಅಳಿವೆಯನ್ನು ತುಂಬಿದಾಗ, ಅದೇ ಬೆಸ್ತರು ಅದೇ ದೋಣಿಗಳಲ್ಲಿ ಕುಳಿತು ಚೊಂಬು ಬಾಲ್ದಿಗಳಲ್ಲಿ ಎಣ್ಣೆಯನ್ನು ಮೊಗೆಯುತ್ತಿದ್ದರು. ಹೆಸರಿನಲ್ಲಿಯೇ ಎಣ್ಣೆಯನ್ನು ಇಟ್ಟುಕೊಂಡಂತೆ ಕನ್ನಡ ಕಿವಿಗೆ ಕೇಳಿಸುವ ಆ ಊರಿಗೆ ಏಳು ವರ್ಷಗಳೊಳಗೆ ಎರಡು ಸಲ ಒಂದೇ ವಿಪತ್ತು ಬಂದು, ಎರಡು ಸಲವೂ ಒಂದೇ ಬಾಲ್ದಿ ಹೊರಬಂದಿತೆಂದರೆ, ನಡುವಣ ಕಾಲದಲ್ಲಿ ಕಲಿಯಬೇಕಾಗಿದ್ದವರು ಏನನ್ನೂ ಕಲಿಯಲಿಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕುವವರನ್ನು ಜನ ನಗುತ್ತಾರೆ. ಕೊಳ್ಳೆಹೋದ ಮೇಲೂ ಹಾಕದವರನ್ನು ಏನೆನ್ನಬೇಕು?

ಈ ಕಥೆ ಬಂಗಾಳ ಕೊಲ್ಲಿಯದು, ಪಡುವಣ ಕಡಲಿಗೆ ಇದರಿಂದೇನು ಎನ್ನುವವರು ಕನ್ನಡ ಕರಾವಳಿಯ ಲೆಕ್ಕವನ್ನೊಮ್ಮೆ ತೆಗೆದು ನೋಡಬೇಕು. ಕಾರವಾರದಿಂದ ಉಳ್ಳಾಲದವರೆಗಿನ ಸುಮಾರು 320 ಕಿಲೋಮೀಟರುಗಳ ಈ ತೀರ ಎಣ್ಣೆಯ ಹೆದ್ದಾರಿಯ ಪಕ್ಕದಲ್ಲಿದೆ. ಪರ್ಷಿಯಾ ಕೊಲ್ಲಿಯಿಂದ ಬರುವ ಹಡಗುಗಳು ಇದರೆದುರಿನಲ್ಲಿಯೇ ಹಾದುಹೋಗುತ್ತವೆ. ಮಂಗಳೂರಿನಲ್ಲಿ ಎಣ್ಣೆಯ ಶುದ್ಧೀಕರಣದ ಕಾರ್ಖಾನೆಯುಂಟು. ಅದಕ್ಕೆ ಬೇಕಾದ ಕಚ್ಚಾ ಎಣ್ಣೆಯನ್ನು ದೊಡ್ಡ ಹಡಗುಗಳು ಕಡಲಿನಲ್ಲಿಯೇ ನಿಂತು ನೀರಿನಡಿಯ ಕೊಳವೆಗೆ ಇಳಿಸುತ್ತವೆ. ಅಲ್ಲದೆ ದೇಶಕ್ಕೆ ಆಪತ್ಕಾಲ ಬಂದರೆ ಇರಲೆಂದು ಮಂಗಳೂರಿನ ಬಂಡೆಗಳ ಗರ್ಭದಲ್ಲಿ 15 ಲಕ್ಷ ಟನ್ನು, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ನು ಎಣ್ಣೆಯನ್ನು ಕೂಡಿಡುವ ಗುಹೆಗಳನ್ನು ಕೊರೆಯಲಾಗಿದೆ. ದೇಶದ ಆಪತ್ಕಾಲಕ್ಕೆ ಇಷ್ಟು ಮುಂಜಾಗ್ರತೆ ವಹಿಸಿದವರು ಆ ಗುಹೆಗಳ ಮಗ್ಗುಲಲ್ಲಿ ಬಲೆ ಹೆಣೆಯುವವರ ಆಪತ್ಕಾಲಕ್ಕೆ ಏನು ಕೂಡಿಟ್ಟಿದ್ದಾರೆ? ಉಪ್ಪು ತಿಂದವನು ನೀರು ಕುಡಿಯಬೇಕೆಂಬುದು ಗಾದೆ. ಈ ವ್ಯವಹಾರದಲ್ಲಿ ಉಪ್ಪು ತಿನ್ನುವವನೊಬ್ಬ, ನೀರು ಕುಡಿಯುವವನು ಇನ್ನೊಬ್ಬ.

ಯೋಜನೆಯೇ ಇಲ್ಲವೆಂದು ಯಾರೂ ಹೇಳಲಾರರು. ತೈಲಸೋರಿಕೆಯ ವಿಪತ್ತಿಗಾಗಿ ರಾಷ್ಟ್ರೀಯ ಯೋಜನೆಯೊಂದು 1996ರಿಂದ ಜಾರಿಯಲ್ಲಿದೆ. ಅದರ ಸೂತ್ರ ತಟರಕ್ಷಕ ದಳದ ಕೈಯಲ್ಲಿದೆ. 700 ಟನ್ನುಗಳವರೆಗಿನ ಸೋರಿಕೆ ಮೊದಲ ದರ್ಜೆಯದು, ಅದನ್ನು ಬಂದರದವರೂ ಎಣ್ಣೆಯ ಸಂಸ್ಥೆಗಳವರೂ ನಿಭಾಯಿಸಬೇಕು. 10,000 ಟನ್ನುಗಳವರೆಗಿನದು ಎರಡನೆಯದು. ಅದನ್ನು ಮೀರಿದುದು ಮೂರನೆಯದು. ಕಡಲಿನ ಮೇಲೆ ಎಣ್ಣೆಯನ್ನು ತಡೆಯುವ, ಹೀರುವ ಕೆಲಸಕ್ಕೆ ವಿಶೇಷ ನೌಕೆಗಳಿವೆ, ಆಗಾಗ ಕವಾಯತುಗಳೂ ನಡೆಯುತ್ತವೆ. ದಳದವರ ಧೈರ್ಯದಲ್ಲಿಯಾಗಲಿ ಕೌಶಲದಲ್ಲಿಯಾಗಲಿ ಕೊರತೆಯನ್ನು ಹುಡುಕುವುದು ಕೃತಘ್ನತೆಯಾದೀತು. ಕೊರತೆಯಿರುವುದು ನೀರು ಮುಗಿದು ಮರಳು ಮೊದಲಾಗುವ ಗೆರೆಯಲ್ಲಿ. ಎಣ್ಣೆ ದಡವನ್ನು ಮುಟ್ಟಿದೊಡನೆ ಅದನ್ನು ತೆಗೆಯುವ ಹೊಣೆ ಆಯಾ ರಾಜ್ಯದ್ದೆಂದು ಯೋಜನೆ ಹೇಳುತ್ತದೆ. ರಾಜ್ಯ ಜಿಲ್ಲೆಯ ಕಡೆಗೆ ನೋಡುತ್ತದೆ. ಜಿಲ್ಲೆ ತಾಲೂಕಿನ ಕಡೆಗೆ. ತಾಲೂಕು ಗ್ರಾಮಪಂಚಾಯತಿಯ ಕಡೆಗೆ. ಗ್ರಾಮಪಂಚಾಯತಿ ಯಾವ ಕಡೆಗೆ ನೋಡಬೇಕು? ಅದು ಕಡಲಿನ ಕಡೆಗೆ ನೋಡುತ್ತದೆ. ಅಷ್ಟರಲ್ಲಿ ಎಣ್ಣೆ ಬಂದು ಮುಟ್ಟಿರುತ್ತದೆ.

ಇಂತಹ ಅಪಘಾತಗಳು ವಿರಳವಾದುವು, ಯಾವಾಗಲೋ ಒಮ್ಮೆ ಬರುವುದಕ್ಕಾಗಿ ಊರೂರಿಗೆ ಸಿದ್ಧತೆ ಮಾಡಿಸುವುದು ಹಣದ ಪೋಲು, ಎಂಬುದು ಅಧಿಕಾರಸ್ಥಾನಗಳಲ್ಲಿರುವವರ ಮೊದಲನೆಯ ಉತ್ತರ. ವಿರಳವೇ? 2006ರ ಮೇ 30ರಂದು ‘ಓಶನ್ ಸೆರಾಯಾ’ ಎಂಬ ಹಡಗು ಕಾರವಾರದೆದುರಿನ ಆಯ್ಸ್ಟರ್ ರಾಕ್ ಬಂಡೆಗಳಿಗೆ ಬಡಿದು ಒಡೆಯಿತು. ಅದರ ಹೊಟ್ಟೆಯ ಇಂಧನ ದಕ್ಷಿಣ ಗೋವೆಯ ಕಾಣಕೋಣದ ತೀರದವರೆಗೂ ಹರಡಿತು. 2007ರ ಜೂನಿನಲ್ಲಿ ಮಂಗಳೂರಿನ ತೀರದಲ್ಲಿ ‘ಡೆನ್ ಡೆನ್’ ಮುಳುಗಿತು. 2009ರ ಜುಲೈಯಲ್ಲಿ ಅಲ್ಲಿಯೇ ಕಬ್ಬಿಣದ ಅದಿರನ್ನು ಹೊತ್ತಿದ್ದ ‘ಏಷಿಯನ್ ಫಾರೆಸ್ಟ್’ ಮುಳುಗಿತು. 2022ರ ಜೂನಿನಲ್ಲಿ ಉಕ್ಕಿನ ಸುರುಳಿಗಳನ್ನು ಹೊತ್ತಿದ್ದ ‘ಪ್ರಿನ್ಸೆಸ್ ಮಿರಾಲ್’ ಉಳ್ಳಾಲದ ಸಮೀಪ ನೆಲಹಿಡಿಯಿತು. ಅದರೊಳಗಿದ್ದ ಸುಮಾರು 220 ಟನ್ನು ಎಣ್ಣೆ ಯಾವಾಗ ಹೊರಬಿದ್ದೀತೋ ಎಂಬ ಭೀತಿಯಲ್ಲಿ ದಡದವರು ಮಳೆಗಾಲವನ್ನು ಕಳೆದರು. 2025ರ ಮೇ 25ರಂದು ‘ಎಮ್. ಎಸ್. ಸಿ. ಎಲ್ಸಾ 3’ ಕೊಚ್ಚಿಯ ಹೊರಗಡಲಿನಲ್ಲಿ ಮುಳುಗಿದುದು ಎಲ್ಲರ ನೆನಪಿನಲ್ಲಿದೆ.

ಈ ತಿಂಗಳುಗಳನ್ನು ವಾಚಕರು ಮತ್ತೊಮ್ಮೆ ಓದಬೇಕು. ಮೇ, ಜೂನ್, ಜುಲೈ, ಜೂನ್, ಮೇ. ಪಡುವಣ ಕಡಲಿನ ಹಡಗೊಡೆತಕ್ಕೆ ಪಂಚಾಂಗವುಂಟು. ಅದು ಮುಂಗಾರಿನ ಪಂಚಾಂಗ. ರೋಹಿಣಿ ಮಳೆಯಿಂದ ಪುಷ್ಯ ಮಳೆಯವರೆಗೆ ಯಾವ ಹಳೆಯ ಹಡಗು ಯಾವ ಬಂಡೆಯ ಕಡೆಗೆ ತೇಲೀತೆಂದು ಹೇಳಲಾಗದಿದ್ದರೂ, ಒಂದು ತೇಲಿಬರುವ ಸಂಭವ ಆಗಲೇ ಹೆಚ್ಚೆಂದು ದಡದ ಮುದುಕರೂ ಬಲ್ಲರು. ಬರುವ ಕಾಲ ಗೊತ್ತಿರುವ ಅತಿಥಿಗೆ ಮಣೆ ಹಾಕದಿರುವುದನ್ನು ಆಕಸ್ಮಿಕವೆನ್ನಲಾಗುವುದಿಲ್ಲ.

ಈ ಪಂಚಾಂಗದಿಂದ ಇನ್ನೊಂದು ವಿಷಯವೂ ಹೊರಡುತ್ತದೆ. ಯೋಜನೆಯನ್ನು ಬರೆದವರು ಅದನ್ನು ಎದುರಿಸಿದಂತೆ ಕಾಣುವುದಿಲ್ಲ. ಕಡಲಿನ ಮೇಲೆ ಎಣ್ಣೆಯನ್ನು ಸುತ್ತುಗಟ್ಟುವ ತೇಲುತಡೆಗಳು ಶಾಂತ ನೀರಿನ ಸಾಧನಗಳು. ತಡೆಗೆ ನೇರವಾಗಿ ಬರುವ ಸೆಳೆತ ಗಂಟೆಗೆ ಸುಮಾರು ಒಂದೂಕಾಲು ಕಿಲೋಮೀಟರನ್ನು ದಾಟಿತೆಂದರೆ ಎಣ್ಣೆ ಅದರಡಿಯಿಂದ ನುಸುಳುತ್ತದೆ. ಅಲೆ ಎದ್ದಿತೆಂದರೆ ಮೇಲಿನಿಂದ ಹಾರುತ್ತದೆ. ಆಷಾಢದ ಕಡಲಿನಲ್ಲಿ ನೌಕೆಗಳಿಗೆ ತಮ್ಮನ್ನು ತಾವು ಕಾಯ್ದುಕೊಳ್ಳುವುದೇ ಪ್ರಯಾಸ. ಹೀಗಿರಲು ಮಳೆಗಾಲದಲ್ಲಿ ಚೆಲ್ಲಿದ ಎಣ್ಣೆಯ ಬಹುಭಾಗ ದಡಕ್ಕೆ ಬಂದೇ ಬರುತ್ತದೆ; ಪಡುಗಾಳಿ ಅದನ್ನು ತಂದೇ ತರುತ್ತದೆ. ಮಳೆ ಬಂದು ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆಂದು ಸಮಾಧಾನ ಹೇಳುವ ಬಲ್ಲಿದರೂ ಇದ್ದಾರೆ. ಹಡಗಿನ ದಪ್ಪನೆಯ ಇಂಧನವನ್ನು ಅಲೆ ಕಡೆದರೆ ಅದು ನೀರನ್ನು ಹೀರಿಕೊಂಡು ಮೂರು ನಾಲ್ಕು ಪಟ್ಟು ಉಬ್ಬಿ, ಕಂದು ಬಣ್ಣದ ಅಂಟುಮುದ್ದೆಯಾಗುತ್ತದೆಯೇ ಹೊರತು ಕರಗುವುದಿಲ್ಲ. ಮಜ್ಜಿಗೆ ಕಡೆದಾಗ ಬೆಣ್ಣೆ ಬರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮಳೆಗಾಲದ ಮುಂಚೆ ಕಾರವಾರ ಗೋವೆಗಳ ಮರಳಿನ ಮೇಲೆ ಬರಿಗಾಲಿಗೆ ಅಂಟುವ ಡಾಂಬರಿನ ಉಂಡೆಗಳೂ ಯಾವುದೋ ಹಡಗಿನ ಎಣ್ಣೆಯ ಅವಶೇಷಗಳೇ.

ಎಂದ ಮೇಲೆ ಮಳೆಗಾಲದ ಸೋರಿಕೆಯಲ್ಲಿ ನಿಜವಾದ ರಣರಂಗ ದಡ. ದಡದಲ್ಲಿರುವ ಪಡೆ ದಡದ ಜನ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ಆ 61 ದಿನಗಳಲ್ಲಿ ಅಲ್ಪಸ್ವಲ್ಪ ದುಡಿಮೆಯಿರುವುದು ನಾಡದೋಣಿಯವರಿಗೆ, ಹೊಳೆಯಲ್ಲಿ ಬೀಸುಬಲೆ ಹಾಕುವವರಿಗೆ, ಅಳಿವೆಯಲ್ಲಿ ಚಿಪ್ಪಿ ಆಯುವವರಿಗೆ. ಇದ್ದವರಲ್ಲಿ ಅತ್ಯಂತ ಬಡವರು ಯಾರೋ ಅವರ ಸುಗ್ಗಿಯ ಕಾಲದಲ್ಲಿಯೇ ಎಣ್ಣೆಯೂ ಬರುತ್ತದೆ.

ಇಷ್ಟನ್ನು ಒಪ್ಪಿದವರೂ ಇನ್ನೊಂದು ಆಕ್ಷೇಪವನ್ನು ತರುವರು. ಇದು ತಜ್ಞರ ಕೆಲಸ. ಹಳ್ಳಿಯವರು ಕೈಹಾಕಿದರೆ ಕೆಡುತ್ತದೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ; ಅದನ್ನು ಮರೆಸಿ ವಾದಿಸುವುದು ಸಲ್ಲದು. ಅರಿಯದವರು ಕಾಂಡ್ಲಾ ಕಾಡಿನೊಳಗೆ ಇಳಿದು ತುಳಿದರೆ ಎಣ್ಣೆ ಕೆಸರಿನಾಳಕ್ಕೆ ಹೋಗಿ, ಮೇಲೆಯೇ ಬಿಟ್ಟಿದ್ದರೆ ಆಗುತ್ತಿದ್ದ ಹಾನಿಗಿಂತ ಹೆಚ್ಚಿನ ಹಾನಿಯಾಗುತ್ತದೆ. ಮರಳಿನಲ್ಲಿ ಗುಂಡಿ ತೋಡಿ ಎಣ್ಣೆಯನ್ನು ಹೂತರೆ ಮುಂದಿನ ದೊಡ್ಡ ಅಲೆ ಅದನ್ನು ಹೊರತರುತ್ತದೆ. ಬರಿಗೈಯಿಂದ ಮುಟ್ಟಿದವರಿಗೆ ಚರ್ಮರೋಗ, ಹೊಸ ಎಣ್ಣೆಯ ಆವಿಯನ್ನು ಸೇವಿಸಿದವರಿಗೆ ತಲೆನೋವು, ವಾಕರಿಕೆ. ಅಂಟಿದುದನ್ನು ತೊಳೆಯಲು ಸೀಮೆಎಣ್ಣೆಯನ್ನು ಹಚ್ಚಿಕೊಂಡರಂತೂ ಗಾಯದ ಮೇಲೆ ಬರೆ. ಆದರೆ ಅರಿಯದವರಿಂದ ಕೆಡುತ್ತದೆಂಬುದು ಅವರಿಗೆ ಅರಿವು ಕೊಡುವುದಕ್ಕೆ ಕಾರಣವಾಗಬೇಕೇ, ಅವರನ್ನು ದೂರವಿಡುವುದಕ್ಕೆ ಕಾರಣವಾಗಬೇಕೇ? ದೂರವಿಟ್ಟರೂ ಅವರು ನಿಲ್ಲುವುದಿಲ್ಲ. 2020ರ ಜುಲೈ 25ರಂದು ‘ವಕಾಶಿಯೊ’ ಹಡಗು ಮಾರಿಷಸ್ಸಿನ ಹವಳದ ದಿಬ್ಬಕ್ಕೆ ಏರಿತು. ಹನ್ನೆರಡು ದಿನ ಅದು ಹಾಗೆಯೇ ನಿಂತಿತ್ತು. ಆಗಸ್ಟ್ 6ರಂದು ಎಣ್ಣೆ ಸೋರತೊಡಗಿ, ಸುಮಾರು 1,000 ಟನ್ನು ಲಗೂನಿಗೆ ಇಳಿಯಿತು. ಕೆಲಸವನ್ನು ಅಧಿಕಾರಿಗಳಿಗೆ ಬಿಡಿರೆಂದು ಸರಕಾರ ಹೇಳಿದರೂ ದ್ವೀಪದ ಜನ ಬಿಡಲಿಲ್ಲ. ಕಬ್ಬಿನ ಒಣಸೋಗೆಯನ್ನು ಬಟ್ಟೆಯ ಚೀಲಗಳಲ್ಲಿ ತುಂಬಿ ಹೊಲಿದು, ತೇಲಲು ಬರಿಯ ಬಾಟಲಿಗಳನ್ನು ಕಟ್ಟಿ, ಹಗಲಿರುಳು ತಡೆಗಳನ್ನು ಮಾಡಿದರು. ಹನ್ನೆರಡು ದಿನ ಮುಂಚೆ ಅದೇ ಕೈಗಳಿಗೆ ಆ ಕೆಲಸವನ್ನು ಯಾರಾದರೂ ಕೊಟ್ಟಿದ್ದರೆ?

ಇನ್ನು ತಜ್ಞರ ವಿಷಯ. 1967ರ ಮಾರ್ಚಿಯಲ್ಲಿ ಇಂಗ್ಲೆಂಡಿನ ನೈಋತ್ಯದ ಬಂಡೆಗಳ ಮೇಲೆ ‘ಟೊರ್ರಿ ಕ್ಯಾನಿಯನ್’ ಒಡೆದು ಲಕ್ಷ ಟನ್ನಿಗೂ ಮಿಕ್ಕ ಎಣ್ಣೆ ಹರಿದಾಗ ಕೆಲಸ ನಡೆಸಿದವರು ಹಳ್ಳಿಯವರಲ್ಲ. ವಿಮಾನಗಳಿಂದ ಹಡಗಿನ ಮೇಲೆ ಬಾಂಬು ಹಾಕಿಸಿದರು. ಕಾರ್ನವಾಲಿನ ದಡಗಳ ಮೇಲೆ ಸಾವಿರಾರು ಟನ್ನು ಮಾರ್ಜಕವನ್ನು ಸುರಿದರು. ಎಣ್ಣೆಯಿಂದ ಉಳಿದಿದ್ದ ಬಂಡೆಯ ಜೀವಿಗಳನ್ನು ಆ ಮಾರ್ಜಕ ಕೊಂದಿತು. ಔಷಧಿ ಸುರಿಯದೆ ಬಿಟ್ಟ ಬಂಡೆಗಳು ಎರಡು ಮೂರು ವರ್ಷಗಳಲ್ಲಿ ಚೇತರಿಸಿಕೊಂಡುವು. ಹೆಚ್ಚಾಗಿ ಸುರಿದ ಕಡೆಗಳಲ್ಲಿ ಹತ್ತು ವರ್ಷಗಳಾದರೂ ಸಾಲದೆ ಹೋಯಿತೆಂದು ಆಮೇಲಿನ ಪರಿಶೀಲನೆಗಳಲ್ಲಿ ಕಂಡುಬಂತು. ಪರಿಣತಿಗೆ ಕಡಮೆ ಬೆಲೆ ಕೊಡಬೇಕೆಂದು ಇದರರ್ಥವಲ್ಲ. ಪುಸ್ತಕದ ಪರಿಣತಿಯೊಂದು, ಸ್ಥಳದ ಪರಿಣತಿಯೊಂದು. ಎರಡೂ ಬೇಕೆಂದಷ್ಟೇ ಅರ್ಥ.

ಕುಮಟೆಯ ಅಘನಾಶಿನಿಯನ್ನೇ ತೆಗೆದುಕೊಳ್ಳಬಹುದು. ಅಣೆಕಟ್ಟಿನ ಹಂಗಿಲ್ಲದೆ ಸಹ್ಯಾದ್ರಿಯಿಂದ ಕಡಲಿಗೆ ಹರಿಯುವ ಈ ಹೊಳೆಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟದ ತನಕ ನೀರಿನಲ್ಲಿ ನಿಂತು ಸಾವಿರಾರು ಮಂದಿ ಚಿಪ್ಪಿಗಳನ್ನು ಆಯುತ್ತಾರೆ. ಅವರಲ್ಲಿ ಹೆಂಗಸರು ಬಹಳ. ಅದರ ಅಂಚುಗಳಲ್ಲಿ ಕಾಂಡ್ಲಾ ಕಾಡು. ಅದರ ಹಿಂದೆ ಉಪ್ಪುನೀರನ್ನು ತಾಳಿ ಬೆಳೆಯುವ ಕಗ್ಗ ಭತ್ತದ ಗಜನಿ ಗದ್ದೆಗಳು. ಗದ್ದೆಗೂ ಹೊಳೆಗೂ ನಡುವೆ ತೂಬುಗಳು. ಈಗ ಮುಖದ ಹೊರಗೆ ಹಡಗೊಂದು ಒಡೆಯಿತೆನ್ನೋಣ. ಎಣ್ಣೆ ಒಳಬರುವುದು ಭರತದೊಡನೆ. ಅದನ್ನು ಅಳಿವೆಯ ಅಡ್ಡಕ್ಕೆ ನೇರವಾಗಿ ತಡೆಯಲು ಹೋದರೆ ಸೆಳೆತ ತಡೆಯನ್ನೇ ಮಗುಚುತ್ತದೆ. ಓರೆಯಾಗಿ ಕಟ್ಟಿ, ನೀರು ಮಂದವಾಗಿರುವ ಒಂದು ಬದಿಗೆ ಅದನ್ನು ನಡೆಸಿಕೊಂಡು ಬಂದು ಅಲ್ಲಿ ತೆಗೆಯಬೇಕೆಂದು ಶಾಸ್ತ್ರ. ನೀರು ಮಂದವಾಗಿರುವ ಬದಿ ಯಾವುದು? ಹುಣ್ಣಿಮೆಯ ಭರತಕ್ಕೆ ಯಾವುದು, ಅಷ್ಟಮಿಯ ಭರತಕ್ಕೆ ಯಾವುದು, ಮಲೆನಾಡಿನಲ್ಲಿ ಮಳೆ ಸುರಿದು ಕೆನ್ನೀರು ಬಂದ ದಿನ ಯಾವುದು? ಇದಕ್ಕೆ ಉತ್ತರ ಮುಂಬಯಿಯ ನಕ್ಷೆಯಲ್ಲಿಲ್ಲ. ಅಲ್ಲಿ ದೋಣಿ ಹಾಯಿಸುವ ಅಂಬಿಗನ ತಲೆಯಲ್ಲಿದೆ. ತೂಬುಗಳನ್ನು ಎಷ್ಟು ಹೊತ್ತಿಗೆ ಹಾಕಬೇಕೆಂದು ಗಜನಿಯ ಒಕ್ಕಲಿಗೆ ಗೊತ್ತು. ಆದರೆ ಹಾಕೆಂದು ಅವನಿಗೆ ಸುದ್ದಿ ಮುಟ್ಟಿಸುವವರಾರು? ಎಣ್ಣೆ ಗಾಳಿಯ ವೇಗದ ಶೇಕಡಾ 3ರಷ್ಟು ವೇಗದಿಂದ ಚಲಿಸುತ್ತದೆಂದು ಲೆಕ್ಕ ಹಾಕಬಲ್ಲ ಅಧಿಕಾರಿಯನ್ನೂ ಈ ಅಂಬಿಗನನ್ನೂ ವಿಪತ್ತಿಗೆ ಮುಂಚೆ ಒಂದು ಚಾಪೆಯ ಮೇಲೆ ಕೂರಿಸದ ಯೋಜನೆ, ಎಷ್ಟೇ ಪುಟಗಳದಾಗಿರಲಿ, ಅರ್ಧ ಯೋಜನೆ.

ಹೀಗೆ ಕೂರಿಸುವುದು ಸಾಧ್ಯವೇ ಎನ್ನುವವರಿಗೆ ಅಲಾಸ್ಕದ ನಿದರ್ಶನವಿದೆ. 1989ರ ಮಾರ್ಚಿ 24ರಂದು ‘ಎಕ್ಸಾನ್ ವಾಲ್ಡೀಸ್’ ಅಲ್ಲಿಯ ಬ್ಲೈ ದಿಬ್ಬಕ್ಕೆ ಬಡಿದು ಸುಮಾರು 4 ಕೋಟಿ ಲೀಟರು ಎಣ್ಣೆಯನ್ನು ಚೆಲ್ಲಿತು. ಅಲ್ಲಿಯೂ ಯೋಜನೆಯಿತ್ತು. ಐದು ತಾಸುಗಳೊಳಗೆ ಸಾಮಗ್ರಿ ತಲುಪಬೇಕೆಂದು ಅದರಲ್ಲಿ ಬರೆದಿತ್ತು. ಸಾಮಗ್ರಿಯನ್ನು ಒಯ್ಯಬೇಕಾದ ದೋಣಿ ದುರಸ್ತಿಗೆಂದು ಬರಿದಾಗಿ ನಿಂತಿತ್ತು. ತಲುಪಿದುದು ಹದಿನಾಲ್ಕು ತಾಸುಗಳ ಮೇಲೆ. ಆ ಪೆಟ್ಟನ್ನು ತಿಂದ ಮೇಲೆ ಆ ದೇಶ 1990ರಲ್ಲಿ ಕಾಯಿದೆ ಮಾಡಿ, ದಡದ ಊರುಗಳವರೂ ಬೆಸ್ತರೂ ಕೂಡಿದ ಸಲಹಾಸಭೆಗೆ ಸ್ಥಾನ ಕೊಟ್ಟು, ಅದರ ಖರ್ಚನ್ನು ಎಣ್ಣೆಯ ಉದ್ಯಮದ ಮೇಲೆಯೇ ಹೊರಿಸಿತು. ಅಲ್ಲಿಯ ನೂರಾರು ಮೀನುದೋಣಿಗಳವರಿಗೆ ಕರಾರಿನ ಮೇಲೆ ಸಂಬಳ ಕೊಟ್ಟು, ಎಣ್ಣೆಯನ್ನು ತಡೆಯುವ ಅಭ್ಯಾಸವನ್ನು ವರ್ಷವರ್ಷವೂ ಮಾಡಿಸುತ್ತಾರೆ. ಮಲ್ಪೆಯಲ್ಲಿ, ಗಂಗೊಳ್ಳಿಯಲ್ಲಿ, ತದಡಿಯಲ್ಲಿ ಜೂನ್ ಜುಲೈಗಳಲ್ಲಿ ದಕ್ಕೆಗೆ ಕಟ್ಟಿನಿಂತ ದೋಣಿಗಳನ್ನೂ ಕೈಕಟ್ಟಿ ಕುಳಿತ ತಾಂಡೇಲರನ್ನೂ ನೋಡಿದವರಿಗೆ ಈ ಉಪಾಯ ತಾನಾಗಿ ಹೊಳೆಯಬೇಕಿತ್ತು.

ಆದರೆ ಎಣ್ಣೆಯನ್ನು ತೆಗೆದಲ್ಲಿಗೆ ವಿಪತ್ತು ಮುಗಿಯುವುದಿಲ್ಲ. ಬಡವನ ಮನೆಯಲ್ಲಿ ಅದು ಆಗ ಮೊದಲಾಗುತ್ತದೆ. ‘ಎಲ್ಸಾ 3’ ಮುಳುಗಿದಾಗ ಅದರಲ್ಲಿ 640 ಸಾಮಾನುಪೆಟ್ಟಿಗೆಗಳೂ 367 ಟನ್ನು ಕುಲುಮೆ ಎಣ್ಣೆಯೂ 84 ಟನ್ನು ಡೀಸೆಲೂ ಇದ್ದುವು. ಕೇರಳ ಸರಕಾರ ಬಾಧಿತ ಜಿಲ್ಲೆಗಳ ಮೀನುಗಾರ ಕುಟುಂಬಗಳಿಗೆ ತತ್ಕಾಲದ ನೆರವೆಂದು ಕೊಟ್ಟುದು ಸಾವಿರ ರೂಪಾಯಿ, ಆರು ಕಿಲೋ ಅಕ್ಕಿ. ಅದೇ ಸರಕಾರ ಹಡಗಿನ ಮಾಲಿಕರ ಮೇಲೆ ಉಚ್ಚ ನ್ಯಾಯಾಲಯದಲ್ಲಿ ಹೂಡಿದ ದಾವೆಯ ಮೊತ್ತ 9,531 ಕೋಟಿ ರೂಪಾಯಿ. ಸರಕಾರ ದಾವೆ ಹೂಡಿತು, ಆ ಮಾಲಿಕರ ಕೂಟದ ಇನ್ನೊಂದು ಹಡಗನ್ನು ತಡೆದು ನಿಲ್ಲಿಸಿತು. ಅದು ಮೆಚ್ಚತಕ್ಕ ಕೆಲಸ. ಆದರೆ ಆ ಎರಡು ಅಂಕೆಗಳ ನಡುವಣ ಅಂತರದಲ್ಲಿ ಒಂದು ಮನೆಯ ಒಲೆ ಎಷ್ಟು ತಿಂಗಳು ಆರಿರಬೇಕು? ಕಡಲಿನಲ್ಲಿ ವಿಷವಿದೆಯೆಂಬ ಗಾಳಿಸುದ್ದಿ ಹಬ್ಬಿ ಪೇಟೆಯಲ್ಲಿ ಮೀನು ಕೊಳ್ಳುವವರು ಹಿಂಜರಿದರು. ಎಣ್ಣೆ ಮುಟ್ಟದ ಬಂಗುಡೆಯೂ ಬುಟ್ಟಿಯಲ್ಲಿಯೇ ಉಳಿದರೆ, ತಲೆಹೊರೆಯಲ್ಲಿ ಮೀನು ಮಾರುವ ಹೆಂಗಸು ಆ ನಷ್ಟವನ್ನು ಯಾರ ಲೆಕ್ಕಕ್ಕೆ ಬರೆಯಬೇಕು?

ಬರೆಯಬೇಕೆಂಬುದೇ ಇಲ್ಲಿಯ ಮುಖ್ಯ ವಿಷಯ. ಎಣ್ಣೆ ಸಾಗಿಸುವ ಹಡಗು ಒಡೆದರೆ ಪರಿಹಾರಕ್ಕೆ 1992ರ ಒಡಂಬಡಿಕೆಗಳಂತೆ ಅಂತರರಾಷ್ಟ್ರೀಯ ನಿಧಿಯೊಂದಿದೆ. ಭಾರತವೂ ಅದರ ಸದಸ್ಯರಾಷ್ಟ್ರ. ಸಾಮಾನು ಹಡಗು ತನ್ನ ಸ್ವಂತ ಇಂಧನವನ್ನು ಚೆಲ್ಲಿದರೆ ಆ ನಿಧಿಯ ಬಾಗಿಲು ತೆರೆಯದು. ಹಡಗಿನ ಮಾಲಿಕನನ್ನೂ ಅವನ ವಿಮೆಯವರನ್ನೂ ಹಿಡಿಯಬೇಕು, ಅಲ್ಲಿ ಹಡಗಿನ ಗಾತ್ರಕ್ಕೆ ತಕ್ಕಂತೆ ಹೊಣೆಗೊಂದು ಮಿತಿ. ಮೇಲೆ ಹೇಳಿದ ಕನ್ನಡ ಕರಾವಳಿಯ ನಾಲ್ಕು ಹಡಗುಗಳಲ್ಲಿ ಒಂದೂ ಎಣ್ಣೆ ಸಾಗಿಸುವ ಹಡಗಲ್ಲವೆಂಬುದನ್ನು ಗಮನಿಸಬೇಕು. ಎರಡು ದಾರಿಗಳಲ್ಲಿಯೂ ಮೂರು ವರ್ಷಗಳ ಅವಧಿಯಿದೆ. ಎರಡರಲ್ಲಿಯೂ ಕೇಳುವ ಪ್ರಶ್ನೆ ಒಂದೇ: ನಿನಗೆ ಮುಂಚೆ ಏನು ದೊರೆಯುತ್ತಿತ್ತು, ಈಗ ಏನು ತಪ್ಪಿದೆ, ತೋರಿಸು. ದೊಡ್ಡ ದೋಣಿಯ ಒಡೆಯನಿಗೆ ಸಹಕಾರಿ ಸಂಘದ ಚೀಟಿಯಿದೆ, ಡೀಸೆಲಿನ ಪುಸ್ತಕವಿದೆ. ಕೈರಂಪಣಿ ಎಳೆದು ಪಾಲು ಹಂಚಿಕೊಳ್ಳುವವರಿಗೆ, ಚಿಪ್ಪಿ ಆಯುವವಳಿಗೆ, ಒಣಮೀನು ಮಾರುವವಳಿಗೆ ಯಾವ ಚೀಟಿಯಿದೆ? ಅವರ ಲೆಕ್ಕವೆಲ್ಲ ಬಾಯಲ್ಲಿ. ನಷ್ಟವಾದುದು ನಿಜ, ಆದರೆ ಕಾಗದವಿಲ್ಲದ ನಷ್ಟ ನ್ಯಾಯಾಸನದ ಮುಂದೆ ನಷ್ಟವೇ ಅಲ್ಲ.

ಇಲ್ಲಿ ಓದುಬರಹ ಬಲ್ಲ ಮನೆಗಳು ಕೈಕಟ್ಟಿ ನಿಲ್ಲುವುದಕ್ಕೆ ಯಾವ ನೆಪವೂ ಉಳಿಯುವುದಿಲ್ಲ. ಹೊನ್ನಾವರ, ಕುಂದಾಪುರ, ಮೂಲ್ಕಿಗಳಲ್ಲಿ ಎಷ್ಟು ಮಂದಿ ನಿವೃತ್ತ ಉಪಾಧ್ಯಾಯರು, ಗುಮಾಸ್ತರು, ವಕೀಲರು ಸಾಯಂಕಾಲಗಳನ್ನು ವಾಚನಾಲಯಗಳಲ್ಲಿ ಕಳೆಯುವುದಿಲ್ಲ! ಕೇರಿಯಲ್ಲಿ ವಾರಕ್ಕೊಂದು ತಾಸು ಕುಳಿತು, ದಿನದ ಮೀನೆಷ್ಟು, ಯಾವ ಜಾತಿ, ಏನು ಬೆಲೆ ಎಂದು ಒಂದು ಕಾಪಿ ಪುಸ್ತಕದಲ್ಲಿ ಬರೆದು ಇಬ್ಬರ ಸಹಿ ಹಾಕಿಸಿದರೆ, ಅದು ಸಾವಿರ ರೂಪಾಯಿಗಿಂತ ಹೆಚ್ಚಿನ ನೆರವಾದೀತು. ರಾಷ್ಟ್ರೀಯ ಯೋಜನೆ ಇಂಗ್ಲಿಷಿನಲ್ಲಿದೆ. ಎಣ್ಣೆ ಕಂಡರೆ ತಟರಕ್ಷಕ ದಳದ 1554ಕ್ಕೆ ದೂರವಾಣಿ ಮಾಡಬೇಕು, ಬಲೆಗಳನ್ನು ಮೇಲೆತ್ತಬೇಕು, ಎಣ್ಣೆ ಮುಟ್ಟುವ ಮೊದಲೇ ದಡದ ಕಸಕಡ್ಡಿಗಳನ್ನು ಭರತದ ಗೆರೆಯಿಂದಾಚೆ ಸಾಗಿಸಬೇಕು, ಮಕ್ಕಳನ್ನೂ ಬಸುರಿಯರನ್ನೂ ದೂರವಿಡಬೇಕು, ಮಾರ್ಜಕವನ್ನು ಸುರಿಯಕೂಡದು, ಕಾಂಡ್ಲಾದೊಳಗೆ ಇಳಿಯಕೂಡದು, ತೆಗೆದ ಎಣ್ಣೆಮರಳನ್ನು ದಪ್ಪ ಹಾಳೆ ಹಾಸಿದ ಗುಂಡಿಯಲ್ಲದೆ ಬೇರೆಲ್ಲಿಯೂ ಸುರಿಯಕೂಡದು ಎಂಬಷ್ಟು ವಿಷಯ ಒಂದು ಹಾಳೆಯ ಕನ್ನಡದಲ್ಲಿ ಹಿಡಿಸುತ್ತದೆ. ಶೃಂಗಾರಕ್ಕೆ ನೂರು ಪರ್ಯಾಯಪದ ಬಲ್ಲ ವಿದ್ವತ್ತು ಈ ಒಂದು ಹಾಳೆಗೆ ಮನಸ್ಸು ಮಾಡಲಾರದೇ?

ಇನ್ನೊಂದು ಹಾನಿಯುಂಟು, ಅದನ್ನು ಅಳೆಯುವ ಕೊಳಗ ಯಾವ ಕಚೇರಿಯಲ್ಲಿಯೂ ಇಲ್ಲ. ‘ಎಕ್ಸಾನ್ ವಾಲ್ಡೀಸ್’ನ ತರುವಾಯ ಕಾರ್ಡೋವಾ ಎಂಬ ಮೀನುಗಾರರ ಊರನ್ನು ಸಮಾಜಶಾಸ್ತ್ರಜ್ಞರು ವರ್ಷಗಟ್ಟಲೆ ನೋಡಿದರು. ಎಣ್ಣೆ ತೆಗೆಯುವ ಗುತ್ತಿಗೆ ಸಿಕ್ಕಿದವರು ಹಣಗಂಡರು, ಸಿಕ್ಕದವರು ಬರಿಗೈಯಾದರು. ನೆರೆಮನೆಯವರಲ್ಲಿ ಮಾತು ನಿಂತಿತು. ಕುಡಿತ, ಖಿನ್ನತೆ, ಮನೆಗಳೊಳಗಿನ ಜಗಳ ಹೆಚ್ಚಿದುವು. 1994ರಲ್ಲಿ ನ್ಯಾಯದರ್ಶಿಗಳು ವಿಧಿಸಿದ 500 ಕೋಟಿ ಡಾಲರುಗಳ ದಂಡ ಮೇಲಿನ ನ್ಯಾಯಾಲಯಗಳನ್ನು ಏರಿ ಇಳಿದು 2008ರಲ್ಲಿ ಸುಮಾರು 50 ಕೋಟಿಗೆ ಬಂದು ನಿಂತಿತು. ಅಷ್ಟರಲ್ಲಿ ಹತ್ತೊಂಬತ್ತು ವರ್ಷಗಳಾಗಿ ದಾವೆಗಾರರಲ್ಲಿ ಬಹು ಮಂದಿ ತೀರಿಕೊಂಡಿದ್ದರು. ಎಣ್ಣೆಗಿಂತ ದಾವೆಯೇ ಊರನ್ನು ಹೆಚ್ಚು ತಿಂದಿತೆಂದು ಹೇಳಿದರೆ ಅತಿಶಯವಾಗಲಾರದು. ಅಲ್ಲಿಯವರು ಕೊನೆಗೆ ಕಂಡುಕೊಂಡ ಉಪಾಯಗಳಲ್ಲಿ ಒಂದು, ಊರಿನವರಲ್ಲಿಯೇ ಕೆಲವರಿಗೆ ನೊಂದವರ ಮಾತನ್ನು ಕೇಳುವ ಶಿಕ್ಷಣ ಕೊಡುವುದು. ವೈದ್ಯರ ಬಾಗಿಲಿಗೆ ಹೋಗಲು ನಾಚುವವನು ನೆರೆಯವನ ಜಗಲಿಗೆ ಬರುತ್ತಾನೆ. ಮೊಗವೀರರ ಗ್ರಾಮಸಭೆಗಳೂ ಖಾರ್ವಿಯರ ಕೇರಿಯ ಕೂಟಗಳೂ ಉಳಿದಿರುವ ಕರಾವಳಿಗೆ ಈ ವಿಷಯದಲ್ಲಿ ಹೊಸದಾಗಿ ಕಟ್ಟಬೇಕಾದುದು ಕಡಮೆ. ಪರಿಹಾರದ ಹಣವನ್ನೂ ಕೆಲಸದ ಗುತ್ತಿಗೆಯನ್ನೂ ಯಾರಿಗೆ, ಯಾವ ಪ್ರಮಾಣದಲ್ಲಿ ಹಂಚಬೇಕೆಂಬುದನ್ನು ಎಣ್ಣೆ ಬರುವ ಮೊದಲೇ, ಸಮಚಿತ್ತದಲ್ಲಿರುವಾಗ, ಆ ಸಭೆಗಳಲ್ಲಿ ತೀರ್ಮಾನಿಸಿಡುವುದಷ್ಟೇ ಉಳಿದಿದೆ.

ಹಣವೆಲ್ಲಿಂದ ಬರಬೇಕೆಂಬುದು ಕಡೆಯ ಆಕ್ಷೇಪ. ಬೈಹುಲ್ಲಿಗೆ, ತೆಂಗಿನ ನಾರಿಗೆ, ಗೋಣಿಗೆ ಈ ಸೀಮೆಯಲ್ಲಿ ಬರಗಾಲವಿಲ್ಲ. ಕೈಚೀಲ, ಬೂಟು, ಮುಖವಸ್ತ್ರಗಳ ಒಂದೊಂದು ಪೆಟ್ಟಿಗೆ ಅಳಿವೆಗೊಂದರಂತೆ ಇಟ್ಟರೂ ಆಗುವ ವೆಚ್ಚ, ಬಂದರಕ್ಕೆ ಬರುವ ಎಣ್ಣೆಯ ಮೇಲೆ ಟನ್ನಿಗೆ ಕೆಲವು ಕಾಸು ಹಾಕಿದರೆ ಹುಟ್ಟುತ್ತದೆ. ಹಾಕಬೇಕೆಂದು ಕೇಳುವವರು ಬೇಕು. ಮುಂದಿನ ರೋಹಿಣಿ ಮಳೆಗೆ ಮೊದಲು ಕಾರವಾರ, ಉಡುಪಿ, ಮಂಗಳೂರುಗಳ ಜಿಲ್ಲಾಧಿಕಾರಿಗಳ ಮುಂದೆ ದಡದ ಪಂಚಾಯತಿಗಳು ಒಂದೊಂದು ಅರ್ಜಿಯನ್ನು ಇಡಲಿ. ಅದರಲ್ಲಿ ಇಷ್ಟನ್ನೇ ಕೇಳಲಿ: ಈ ಊರಿನ ಅಳಿವೆಗೆ ತಡೆಯನ್ನು ಎಲ್ಲಿ ಕಟ್ಟಬೇಕು, ಕಟ್ಟುವವರು ಯಾರು, ಸಾಮಗ್ರಿ ಎಲ್ಲಿದೆ, ಅದನ್ನು ಇಟ್ಟ ಕೋಣೆಯ ಬೀಗದಕೈ ಮಳೆಗಾಲದ ರಾತ್ರಿ ಎರಡು ಗಂಟೆಗೆ ಯಾರ ಮನೆಯಲ್ಲಿರುತ್ತದೆ?